ತಾಯಿಯ ತೊಡೆ ಮತ್ತು ಜಡತ್ವದ ನಿಯಮ

ಕೊಪ್ಪಳದ ಗವಿಮಠದ ಜಾತ್ರೆಗೆ ಕುಷ್ಟಗಿ, ಯಲಬುರ್ಗಾ, ಗಂಗಾವತಿಗಳಿಂದ ಕಾರುಗಳಲ್ಲಿ ಬರುವ ಸಂಸಾರಗಳನ್ನು ನೀವು ಕಂಡಿರಬಹುದು. ಮುಂದಿನ ಸೀಟಿನಲ್ಲಿ ತಾಯಿ, ಆಕೆಯ ತೊಡೆಯ ಮೇಲೆ ಹಸುಗೂಸು. ಹಿಂದೆ ಅಜ್ಜಿಯ ಮಗ್ಗುಲಲ್ಲಿ ನಿಂತು ಹಾದಿ ನೋಡುವ ನಾಲ್ಕು ವರ್ಷದ ಹುಡುಗ. ‘ಮಗು ನನ್ನ ಕೈಯಲ್ಲಿಯೇ ಇದೆಯಲ್ಲ, ಭಯವೇನು?’ ಎಂಬುದು ತಾಯಿಯ ನಂಬಿಕೆ. ಈ ನಂಬಿಕೆ ಎಷ್ಟರಮಟ್ಟಿಗೆ ಸರಿ? ಇದಕ್ಕೆ ಉತ್ತರವು ನಿಮ್ಮ ಭೌತಶಾಸ್ತ್ರದ ಪುಸ್ತಕದಲ್ಲಿಯೇ ಇದೆ.

ಚಲಿಸುವ ವಸ್ತುವು, ಹೊರಗಿನ ಬಲವೊಂದು ತಡೆಯುವವರೆಗೆ, ಅದೇ ವೇಗದಿಂದ ಅದೇ ದಿಕ್ಕಿನಲ್ಲಿ ಚಲಿಸುತ್ತಲೇ ಇರುವುದು. ಇದೇ ನ್ಯೂಟನ್ 1687ರಲ್ಲಿ ಪ್ರಕಟಿಸಿದ ಮೊದಲನೆಯ ಚಲನ ನಿಯಮ. ಕಾರು ಗಂಟೆಗೆ 50 ಕಿಲೋಮೀಟರ್ ವೇಗದಲ್ಲಿದ್ದರೆ ಅದರೊಳಗಿನ ಮಗುವಿಗೂ ಅಷ್ಟೇ ವೇಗವಿರುತ್ತದೆ. ಎಂದರೆ ಸೆಕೆಂಡಿಗೆ ಸುಮಾರು 14 ಮೀಟರ್. ಕಾರು ಡಿಕ್ಕಿ ಹೊಡೆದು ಸೆಕೆಂಡಿನ ಹತ್ತನೆಯ ಒಂದು ಪಾಲಿನಲ್ಲಿ ನಿಂತಿತೆಂದು ಭಾವಿಸೋಣ. ಆಗ ಮಗುವನ್ನು ತಡೆದು ನಿಲ್ಲಿಸಲು ಅದರ ತೂಕದ ಹದಿನಾಲ್ಕು ಪಟ್ಟು ಬಲ ಬೇಕು. ಮಗು 10 ಕಿಲೋಗ್ರಾಂ ಇದ್ದರೆ, ತಾಯಿಯ ತೋಳುಗಳು ಹಠಾತ್ತನೆ 140 ಕಿಲೋಗ್ರಾಂ ಭಾರವನ್ನು ಹಿಡಿಯಬೇಕಾಗುತ್ತದೆ. ಗಂಗಾವತಿಯ 25 ಕಿಲೋಗ್ರಾಂ ಅಕ್ಕಿಚೀಲಗಳನ್ನು ಐದಕ್ಕಿಂತ ಹೆಚ್ಚಾಗಿ ಒಮ್ಮೆಲೇ ಹಿಡಿದಂತಾಯಿತು! ಇದು ಯಾವ ತಾಯಿಗೂ ಸಾಧ್ಯವಿಲ್ಲ. ಕೈತಪ್ಪಿದ ಮಗು ಮುಂದಿನ ಹಲಗೆಗೆ ಅಪ್ಪಳಿಸುವ ವೇಗವು, ಹತ್ತು ಮೀಟರ್ ಎತ್ತರದ ಮಾಳಿಗೆಯಿಂದ ನೆಲಕ್ಕೆ ಬಿದ್ದ ವೇಗಕ್ಕೆ ಸಮ. ಕುಷ್ಟಗಿಯ ಮೂಲಕ ಹಾಯುವ 50ನೆಯ ಹಾಗೂ ಕೊಪ್ಪಳದ ಮೂಲಕ ಹಾಯುವ 67ನೆಯ ರಾಷ್ಟ್ರೀಯ ಹೆದ್ದಾರಿಗಳಲ್ಲಿ ಕಾರುಗಳು ಇದಕ್ಕಿಂತ ವೇಗವಾಗಿಯೇ ಓಡುತ್ತವೆ. ವೇಗ ಇಮ್ಮಡಿಯಾದರೆ ಶಕ್ತಿ ನಾಲ್ಮಡಿಯಾಗುವುದನ್ನು ಮರೆಯಬಾರದು.

ಹಾಗಾದರೆ ತಾಯಿಯ ಬೆಲ್ಟನ್ನೇ ಮಗುವಿಗೂ ಸೇರಿಸಿ ಬಿಗಿದರೆ ಸಾಲದೆ? ಇದು ಇನ್ನೂ ಅಪಾಯಕರ. ತಾಯಿಯ ದೇಹದ ಭಾರವೆಲ್ಲ ಮುನ್ನುಗ್ಗಿ ಮಗುವನ್ನು ಬೆಲ್ಟಿಗೆ ಒತ್ತಿ ಹಿಸುಕುತ್ತದೆ. ತುಸು ದೊಡ್ಡ ಮಗುವಿಗೆ ಪ್ರತ್ಯೇಕವಾಗಿ ಬೆಲ್ಟು ಹಾಕಿದರೂ ತೊಂದರೆ ತಪ್ಪದು. 1959ರಲ್ಲಿ ಸ್ವೀಡನ್ನಿನ ನಿಲ್ಸ್ ಬೋಲಿನ್ ರೂಪಿಸಿದ ಮೂರು ಬಿಂದುಗಳ ಬೆಲ್ಟು ದೊಡ್ಡವರ ಎದೆ ಮತ್ತು ಸೊಂಟದ ಮೂಳೆಗಳ ಮೇಲೆ ಹಾಯುತ್ತದೆ. ಮಗುವಿನಲ್ಲಾದರೋ ಅದು ಕೊರಳಿಗೂ ಮೆತ್ತನೆಯ ಹೊಟ್ಟೆಗೂ ತಗಲುವುದು.

ಮಗುವು ಚಿಕ್ಕ ಆಕಾರದ ದೊಡ್ಡವನಲ್ಲ. ಹಸುಗೂಸಿನ ತಲೆಯು ದೇಹದ ಉದ್ದದ ಕಾಲು ಭಾಗದಷ್ಟಿರುತ್ತದೆ. ಕತ್ತಿನ ಎಲುಬುಗಳು ಇನ್ನೂ ಬಲಿತಿರುವುದಿಲ್ಲ. ಆದುದರಿಂದಲೇ ಸ್ವೀಡನ್ನಿನ ಬರ್ಟಿಲ್ ಆಲ್ಡ್‌ಮನ್ 1960ರ ದಶಕದಲ್ಲಿ ಹಿಮ್ಮುಖ ಸೀಟನ್ನು ರೂಪಿಸಿದನು. ಅಂತರಿಕ್ಷಯಾತ್ರಿಗಳು ಒರಗಿ ಕುಳಿತಿದ್ದ ರೀತಿಯೇ ಆತನಿಗೆ ಸ್ಫೂರ್ತಿ. ಹಿಮ್ಮುಖವಾಗಿ ಕುಳಿತ ಕೂಸಿನ ತಲೆ, ಕತ್ತು, ಬೆನ್ನುಗಳ ಮೇಲೆಲ್ಲ ಬಲವು ಸಮನಾಗಿ ಹಂಚಿಹೋಗುತ್ತದೆ. ಬೆಳೆದ ಮೇಲೆ ಮುಮ್ಮುಖ ಸೀಟು. ಅನಂತರ, ಬೆಲ್ಟು ಸರಿಯಾಗಿ ಹೊಂದುವಷ್ಟು ಎತ್ತರ ಬರುವವರೆಗೆ, ಕೂರಿಸಿ ಎತ್ತರಿಸುವ ಸೀಟು ಬೇಕು. ತಕ್ಕ ಸೀಟುಗಳಿಂದ ಕಾರಿನ ಅಪಘಾತಗಳಲ್ಲಿ ಸಾವಿನ ಸಂಭವವು ಒಂದು ವರ್ಷದೊಳಗಿನ ಕೂಸುಗಳಲ್ಲಿ ನೂರಕ್ಕೆ 71ರಷ್ಟು, ಅದಕ್ಕೂ ದೊಡ್ಡ ಪುಟಾಣಿಗಳಲ್ಲಿ 54ರಷ್ಟು ತಗ್ಗುವುದೆಂದು ಅಮೆರಿಕದ ರಸ್ತೆ ಸುರಕ್ಷತಾ ಇಲಾಖೆ ಲೆಕ್ಕ ಹಾಕಿದೆ.

ಸೀಟು ಕೊಂಡುತಂದರೆ ಮಾತ್ರ ಸಾಲದು. ಅದು ಸಡಿಲವಾಗಿದ್ದರೆ ಮಗುವಿನೊಡನೆ ತಾನೂ ಮುನ್ನುಗ್ಗುತ್ತದೆ. ಕಟ್ಟಿದ ಜಾಗದಲ್ಲಿ ಹಿಡಿದು ಅಲುಗಿಸಿದಾಗ ಒಂದು ಅಂಗುಲಕ್ಕಿಂತ ಹೆಚ್ಚು ಸರಿಯಬಾರದು. ಏರ್‌ಬ್ಯಾಗ್ ಇರುವ ಮುಂದಿನ ಸೀಟಿನಲ್ಲಿ ಹಿಮ್ಮುಖ ಸೀಟನ್ನು ಇಡಲೇಬಾರದು. ರಭಸದಿಂದ ಉಬ್ಬುವ ಚೀಲವು ಕೂಸಿನ ತಲೆಯ ಹಿಂಬದಿಗೇ ಬಡಿಯುತ್ತದೆ. ಹಿಂದಿನ ಸೀಟೇ ಮಕ್ಕಳಿಗೆ ತಕ್ಕ ಜಾಗ.

2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನಗಳ ಕಾಯಿದೆಯು, ಹದಿನಾಲ್ಕು ವರ್ಷದೊಳಗಿನವರನ್ನು ಬೆಲ್ಟಿನಿಂದಾಗಲಿ ಮಕ್ಕಳ ಸೀಟಿನಿಂದಾಗಲಿ ಭದ್ರಪಡಿಸದಿದ್ದರೆ 1000 ರೂಪಾಯಿ ದಂಡವನ್ನು ವಿಧಿಸಿದೆ. ಆದರೆ ದಂಡಕ್ಕೆ ಅಂಜಿ ಮಾಡುವುದಕ್ಕಿಂತ ಕಾರಣವನ್ನು ಅರಿತು ಮಾಡುವುದು ಮೇಲು. ಮುಂದಿನ ಪ್ರಯಾಣಕ್ಕೆ ಮುನ್ನ ಈ ಸಣ್ಣ ಲೆಕ್ಕವನ್ನು ಮನೆಯವರಿಗೆ ಮಾಡಿ ತೋರಿಸಿ. ತಾಯಿಯ ಮಮತೆ ದೊಡ್ಡದು. ಆದರೆ ಜಡತ್ವಕ್ಕೆ ಮಮತೆ ತಿಳಿಯದು.