ಶಸ್ತ್ರಚಿಕಿತ್ಸೆಯಲ್ಲಿ ಹೃದಯಮಾಂದ್ಯ: ಒಂದು ಐತಿಹಾಸಿಕ ವಿವೇಚನೆ

ಶಸ್ತ್ರಚಿಕಿತ್ಸೆಯ ನಡುವೆ ರೋಗಿಯ ನಾಡಿ ಇದ್ದಕ್ಕಿದ್ದಂತೆ ಮಂದವಾಗಿ ರಕ್ತದ ಒತ್ತಡ ಕುಸಿಯುವುದುಂಟು. ರಕ್ತಸ್ರಾವವಾಗಲಿ ಔಷಧದ ಅತಿಪ್ರಮಾಣವಾಗಲಿ ಇಲ್ಲದಿರುವಾಗಲೂ ಹೀಗಾಗಬಹುದು. ಶಸ್ತ್ರವೈದ್ಯರ ಕೈ ಎಳೆದ ಅಥವಾ ಒತ್ತಿದ ಅಂಗದಿಂದ ಹೊರಟ ಸಂವೇದನೆಯು ಮಿದುಳಿನ ಬುಡವನ್ನು ಮುಟ್ಟಿ, ಅಲ್ಲಿಂದ ವೇಗಸ್ ನರದ ಮಾರ್ಗವಾಗಿ ಹೃದಯವನ್ನು ತಡೆಯುತ್ತದೆ. ಇದಕ್ಕೆ ಪರಾವರ್ತಿತ ಕ್ರಿಯೆಯೆಂದು ಹೆಸರು. ಈ ತಿಳಿವು ದೀರ್ಘ ವಿವಾದದ ಫಲವಾಗಿದೆ.

ವೇಗಸ್ ನರವನ್ನು ಪ್ರಚೋದಿಸಿದರೆ ಹೃದಯದ ಬಡಿತ ನಿಲ್ಲುವುದೆಂದು ಜರ್ಮನಿಯ ವೇಬರ್ ಸಹೋದರರು 1845ರಲ್ಲಿಯೇ ತೋರಿಸಿದ್ದರು. 1847ರಲ್ಲಿ ಕ್ಲೋರೋಫಾರಂ ಬಳಕೆಗೆ ಬಂದಿತು. ಮರುವರ್ಷವೇ ಇಂಗ್ಲೆಂಡಿನಲ್ಲಿ ಹದಿನೈದರ ಬಾಲಕಿಯೊಬ್ಬಳು ಕಾಲ್ಬೆರಳಿನ ಉಗುರನ್ನು ತೆಗೆಸುವ ಸಂದರ್ಭದಲ್ಲಿ ಅದರ ಪ್ರಭಾವದಡಿ ಮೃತಳಾದಳು. ಮೊದಲು ನಿಲ್ಲುವುದು ಉಸಿರೋ ಹೃದಯವೋ ಎಂಬ ಪ್ರಶ್ನೆ ಎದ್ದಿತು. ಎಡಿನ್‌ಬರೋ ಪಂಥವು ಉಸಿರನ್ನು ಗಮನಿಸಿರೆಂದಿತು. ಲಂಡನ್ ಪಂಥವು ನಾಡಿಯನ್ನು ಗಮನಿಸಿರೆಂದಿತು.

ಈ ವಿವಾದದ ಒಂದು ಮುಖ್ಯ ಅಧ್ಯಾಯ ನಡೆದುದು ಹೈದರಾಬಾದಿನಲ್ಲಿ. ಬೀದರ, ರಾಯಚೂರು, ಗುಲ್ಬರ್ಗಗಳನ್ನೊಳಗೊಂಡಿದ್ದ ಆ ಸಂಸ್ಥಾನದ ನಿಜಾಮ ಮಹಬೂಬ್ ಅಲಿ ಖಾನರ ಧನಸಹಾಯದಿಂದ, ವೈದ್ಯ ಎಡ್ವರ್ಡ್ ಲಾರಿಯವರ ನೇತೃತ್ವದಲ್ಲಿ 1888 ಮತ್ತು 1889ರಲ್ಲಿ ಎರಡು ಆಯೋಗಗಳು ಪ್ರಾಣಿಗಳ ಮೇಲೆ ಪ್ರಯೋಗ ನಡೆಸಿದವು. ಉಸಿರೇ ಮೊದಲು ನಿಲ್ಲುವುದೆಂದು ಅವು ನಿರ್ಣಯಿಸಿದವು. ಆದರೆ 1902ರಲ್ಲಿ ಮೆಲ್ಬರ್ನಿನ ಎಂಬ್ಲಿ, ವೇಗಸ್ ನರದ ತಡೆಯಿಂದ ಹೃದಯವೇ ಮೊದಲು ನಿಲ್ಲಬಹುದೆಂದು ಪ್ರಯೋಗದಿಂದ ತೋರಿಸಿದರು. 1911ರಲ್ಲಿ ಲೀವಿಯವರು ಹೃದಯದ ಕೆಳಕೋಣೆಗಳ ಅವ್ಯವಸ್ಥಿತ ಕಂಪನವೆಂಬ ಬೇರೊಂದು ಕಾರಣವನ್ನೂ ಕಂಡುಹಿಡಿದರು.

ಪರಾವರ್ತಿತ ಕ್ರಿಯೆಯ ಸ್ಪಷ್ಟ ನಿದರ್ಶನವು ಕಣ್ಣಿನಲ್ಲಿ ದೊರೆತಿತು. 1908ರಲ್ಲಿ ಆಷ್ನರ್ ಹಾಗೂ ದಾನ್ಯೀನಿ ಎಂಬಿಬ್ಬರು, ಕಣ್ಣುಗುಡ್ಡೆಯನ್ನು ಒತ್ತಿದರೆ ನಾಡಿ ನಿಧಾನವಾಗುವುದನ್ನು ಪ್ರತ್ಯೇಕವಾಗಿ ವರ್ಣಿಸಿದರು. ಇಲ್ಲಿ ಸಂವೇದನೆ ಐದನೆಯ ಕಪಾಲನರದಿಂದ ಒಳಹೋಗಿ ಹತ್ತನೆಯದಾದ ವೇಗಸ್‌ನಿಂದ ಹೊರಬರುತ್ತದೆ. ಮಕ್ಕಳ ಮೆಳ್ಳೆಗಣ್ಣನ್ನು ಸರಿಪಡಿಸಲು ಕಣ್ಣಿನ ಸ್ನಾಯುವನ್ನು ಎಳೆಯುವಾಗ ಇದು ಹೆಚ್ಚಾಗಿ ಕಾಣುತ್ತದೆ. ಹೊಟ್ಟೆಯೊಳಗಿನ ಪೊರೆಯನ್ನು ಹಿಗ್ಗಿಸಿದಾಗಲೂ ಇಂಥದೇ ಪರಿಣಾಮವುಂಟು. ಬಡಿತಗಳು ತೀರ ವಿರಳವಾದರೆ ಹೃದಯವು ನಿಮಿಷಕ್ಕೆ ಹೊರದೂಡುವ ರಕ್ತ ತಗ್ಗುತ್ತದೆ, ಒತ್ತಡವೂ ಇಳಿಯುತ್ತದೆ.

ಪರಿಹಾರ ಸರಳವಾದುದು: ಮೊದಲು ಕೈಯನ್ನು ತಡೆಯಬೇಕು. ಎಳೆತ ನಿಂತೊಡನೆ ಸಾಮಾನ್ಯವಾಗಿ ನಾಡಿ ಚೇತರಿಸುತ್ತದೆ. ಇಲ್ಲವಾದಲ್ಲಿ ವೇಗಸ್‌ನ ಪ್ರಭಾವವನ್ನು ತಡೆಯುವ ಅಟ್ರೊಪಿನ್ ಕೊಡುವರು. ಆದುದರಿಂದಲೇ ಇಂದು ಉಸಿರು, ನಾಡಿ, ಒತ್ತಡ ಮೂರನ್ನೂ ಎಡೆಬಿಡದೆ ಗಮನಿಸುವರು. ಪ್ರಯೋಗಗಳು ಎಷ್ಟೇ ಇರಲಿ, ಅವುಗಳಲ್ಲಿ ಕಾಣದುದು ಇಲ್ಲವೇ ಇಲ್ಲವೆಂದು ಹೇಳಲಾಗದು. ಹೈದರಾಬಾದಿನ ಆಯೋಗಗಳು ಚರಿತ್ರೆಯ ವಿದ್ಯಾರ್ಥಿಗೂ ಕಲಿಸುವ ಪಾಠವಿದು.