ಹಕ್ಕಿ ಸಾಕಿದ ಮನೆಗೆ ಇರುವೆ ಬಂದಾಗ

ಇವತ್ತಿನ ಕಂತು ಶುರುವಾಗೋದು ಒಂದು ಪತ್ರದಿಂದ. ಸನಿವೇಲ್‌ನ ಕೇಳುಗರೊಬ್ಬರು ಬರೆದಿದ್ದಾರೆ: "ಮಳೆ ಬಂದ ಮಾರನೇ ದಿನದಿಂದ ಅಡುಗೆಮನೆ ತುಂಬ ಇರುವೆ. ಗುರುವಾರ ಅಪಾರ್ಟ್‌ಮೆಂಟಿನವರು ಔಷಧಿ ಹೊಡೆಸ್ತಾರಂತೆ. ಪಕ್ಕದಲ್ಲೇ ನಮ್ಮ ಲವ್ ಬರ್ಡ್ಸ್ ಪಂಜರ ಇದೆ. ಬೆಡ್‌ರೂಮಲ್ಲಿಟ್ಟು ಬಾಗಿಲು ಹಾಕಿದರೆ ಸಾಕಾ?"

ಸಾಲದು. ಹಕ್ಕಿಗಳನ್ನು ಅವತ್ತು ಮನೆಯಿಂದಲೇ ಹೊರಗೆ ಕರೆದೊಯ್ಯಿರಿ. ಯಾಕೆ ಅಂತ ತಿಳಿಯಬೇಕಾದರೆ ಹಕ್ಕಿ ಉಸಿರಾಡುವ ಬಗೆಯನ್ನು ನೋಡಬೇಕು.

ನಾವು ಎಳೆದುಕೊಂಡ ಗಾಳಿ ಶ್ವಾಸಕೋಶಕ್ಕೆ ಹೋಗಿ ಅದೇ ದಾರಿಯಲ್ಲಿ ವಾಪಸ್ ಬರುತ್ತದೆ. ಹೊಸ ಗಾಳಿಯ ಜೊತೆ ಒಂದಿಷ್ಟು ಹಳೇ ಗಾಳಿ ಸದಾ ಬೆರೆತಿರುತ್ತದೆ. ಹಕ್ಕಿಯಲ್ಲಿ ಹಾಗಲ್ಲ. ಅದರ ಮೈಯೊಳಗೆ ತಿದಿಯಂತೆ ಕೆಲಸ ಮಾಡುವ ಗಾಳಿಚೀಲಗಳಿವೆ, ಹೆಚ್ಚಿನ ಹಕ್ಕಿಗಳಲ್ಲಿ ಒಂಬತ್ತು. ಎಳೆದುಕೊಂಡ ಗಾಳಿಯಲ್ಲಿ ಹೆಚ್ಚಿನ ಪಾಲು ಮೊದಲು ಹಿಂಬದಿಯ ಚೀಲಗಳಿಗೆ ಹೋಗುತ್ತದೆ. ಉಸಿರು ಬಿಟ್ಟಾಗ ಅದು ಶ್ವಾಸಕೋಶಕ್ಕೆ ನುಗ್ಗುತ್ತದೆ. ಮತ್ತೆ ಎಳೆದಾಗ ಮುಂಬದಿಯ ಚೀಲಗಳಿಗೆ, ಮತ್ತೆ ಬಿಟ್ಟಾಗ ಹೊರಕ್ಕೆ. ಅಂದರೆ ಒಂದು ಗುಟುಕು ಗಾಳಿ ಹೊರಬರಲು ಎರಡು ಉಸಿರು ಬೇಕು, ಮತ್ತು ಉಸಿರು ಎಳೆದಾಗಲೂ ಬಿಟ್ಟಾಗಲೂ ಶ್ವಾಸಕೋಶದೊಳಗೆ ತಾಜಾ ಗಾಳಿ ಒಂದೇ ದಿಕ್ಕಿಗೆ ಹರಿಯುತ್ತಿರುತ್ತದೆ. ಗಾಳಿಗೂ ರಕ್ತಕ್ಕೂ ನಡುವಿನ ಪೊರೆ ನಮ್ಮದಕ್ಕಿಂತ ತೆಳು. ಹಾರಾಟಕ್ಕೆ ಬೇಕಾದ ಆಮ್ಲಜನಕವನ್ನು ಹೀರಲು ಇದು ಅದ್ಭುತ ಏರ್ಪಾಡು. ಆದರೆ ಗಾಳಿಯಲ್ಲಿ ವಿಷ ಇದ್ದರೆ ಅದನ್ನೂ ಅಷ್ಟೇ ಚೆನ್ನಾಗಿ ಹೀರುತ್ತದೆ!

ಇದೇ ಕಾರಣಕ್ಕೆ 1890ರ ದಶಕದಲ್ಲಿ ಜಾನ್ ಸ್ಕಾಟ್ ಹಾಲ್ಡೇನ್, ಕಲ್ಲಿದ್ದಲು ಗಣಿಗಳಲ್ಲಿ ಕಾರ್ಬನ್ ಮಾನಾಕ್ಸೈಡ್ ಪತ್ತೆಗೆ ಸಣ್ಣ ಪ್ರಾಣಿಗಳನ್ನು ಬಳಸಲು ಸೂಚಿಸಿದರು. ಕೆನರಿ ಹಕ್ಕಿಗಳು ಆ ಕೆಲಸಕ್ಕೆ ಇಳಿದದ್ದು ಹಾಗೆ. ಬ್ರಿಟನ್ ಅವುಗಳನ್ನು ಕೈಬಿಡಲು ನಿರ್ಧರಿಸಿದ್ದು 1986ರಲ್ಲಿ. ಅತಿಯಾಗಿ ಕಾದ ನಾನ್‌ಸ್ಟಿಕ್ ಬಾಣಲೆಯ ಹೊಗೆಯಿಂದ ಮನೆಯವರಿಗೆ ಏನೂ ಆಗದೆ ಪಂಜರದ ಹಕ್ಕಿ ಸಾಯುವುದೂ ಇದಕ್ಕೇ.

ಸ್ಪ್ರೇಗಳಲ್ಲಿ ಸಾಮಾನ್ಯವಾಗಿ ಇರುವ ಪೈರಿಥ್ರಾಯ್ಡ್‌ಗಳು ಹಕ್ಕಿಯ ಹೊಟ್ಟೆಗೆ ಹೋದರೆ ಅಷ್ಟೇನೂ ಭಾರೀ ವಿಷವಲ್ಲ. ಮೀನಿಗೆ, ಬೆಕ್ಕಿಗೆ ಇನ್ನೂ ಅಪಾಯ. ಆದರೆ ಸ್ಪ್ರೇ ಅಂದರೆ ಬರೀ ಕೀಟನಾಶಕವಲ್ಲ. ದ್ರಾವಕ, ಅನಿಲ, ಗಾಳಿಯಲ್ಲಿ ತೇಲುವ ಸಣ್ಣ ಹನಿಗಳು ಎಲ್ಲ ಸೇರಿರುತ್ತವೆ. ಇಲ್ಲಿನ ಎಷ್ಟೋ ಮನೆಗಳಲ್ಲಿ ಹೀಟರ್‌ನ ಕೊಳವೆಗಳು ಎಲ್ಲ ಕೋಣೆಗಳ ಗಾಳಿಯನ್ನೂ ಬೆರೆಸುತ್ತವೆ. ಬೆಡ್‌ರೂಮಿನ ಬಾಗಿಲು ಅದನ್ನು ತಡೆಯೋದಿಲ್ಲ.

ಈಗ ಇರುವೆಗೆ ಬರೋಣ. ಬೇ ಏರಿಯಾದ ಅಡುಗೆಮನೆಗಳಲ್ಲಿ ಸಾಲುಗಟ್ಟುವ ಸಣ್ಣ ಕಂದು ಇರುವೆ ಹೆಚ್ಚಾಗಿ ಅರ್ಜೆಂಟೀನಾ ಇರುವೆ. ನಮ್ಮ ಹಾಗೆ ಅದೂ ಹೊರಗಿನಿಂದ ಬಂದು ನೆಲೆಸಿದ್ದೇ. ಸ್ಟ್ಯಾನ್‌ಫರ್ಡ್‌ನ ಡೆಬೊರಾ ಗಾರ್ಡನ್ ಮತ್ತು ಸಂಗಡಿಗರು ಬೇ ಏರಿಯಾದ 69 ಮನೆಗಳನ್ನು ಗಮನಿಸಿ 2001ರಲ್ಲಿ ಪ್ರಕಟಿಸಿದ ಅಧ್ಯಯನ ಹೇಳಿದ್ದು ಇಷ್ಟು: ಇರುವೆಗಳು ಹೆಚ್ಚಾಗಿ ಒಳಬರೋದು ಚಳಿಗಾಲದ ಮಳೆಯಲ್ಲಿ, ಸ್ವಲ್ಪ ಮಟ್ಟಿಗೆ ಬಿಸಿಲಿನ ಒಣಹವೆಯಲ್ಲಿ. ಅವು ಬರೋದು ಹೋಗೋದು ಹವೆಯನ್ನು ಅವಲಂಬಿಸಿತ್ತು. ಕೀಟನಾಶಕ ಬಳಸಿದ್ದರಿಂದ ವ್ಯತ್ಯಾಸ ಕಾಣಲಿಲ್ಲ. ಇದರಲ್ಲಿ ಆಶ್ಚರ್ಯವಿಲ್ಲ. ಗೂಡಲ್ಲಿ ರಾಣಿಯರೇ ಹತ್ತಾರು. ಸಾಲಿನಲ್ಲಿರುವ ಕೆಲಸಗಾರರನ್ನು ಕೊಂದರೆ ಗೂಡಿಗೆ ತಾಗುವುದೇ ಇಲ್ಲ.

ಹಾಗಾದರೆ ಏನು ಮಾಡಬೇಕು? ಮೊದಲು ಸೋಪಿನ ನೀರಲ್ಲಿ ಸಾಲನ್ನು ಒರೆಸಿ. ಇರುವೆಗಳು ನಡೆಯೋದು ವಾಸನೆಯ ಗೆರೆ ಹಿಡಿದು; ಗೆರೆ ಅಳಿಸಿದರೆ ದಾರಿ ತಪ್ಪುತ್ತದೆ. ಒಳಬರುವ ಸಂದನ್ನು ಹುಡುಕಿ ಮುಚ್ಚಿ. ಪಂಜರದ ಸ್ಟ್ಯಾಂಡಿಗೆ ನಮ್ಮ ಅಜ್ಜಿಯರ ಉಪಾಯವೇ ಸಾಕು: ತಿಂಡಿ ಕಪಾಟಿನ ಕಾಲುಗಳನ್ನು ನೀರಿನ ಬಟ್ಟಲಲ್ಲಿ ಇಡ್ತಿದ್ದರಲ್ಲ, ಹಾಗೆ. ಹಕ್ಕಿ ಹೊರಗೆ ಹಾರಾಡುವಾಗ ಮಾತ್ರ ಬಟ್ಟಲು ತೆಗೆದಿಡಿ. ಇಷ್ಟಕ್ಕೂ ಬಗ್ಗದಿದ್ದರೆ ಬೋರಿಕ್ ಆಸಿಡ್ ಬೆರೆಸಿದ ಸಕ್ಕರೆ ನೀರಿನ ಆಮಿಷ, ಮುಚ್ಚಿದ ಡಬ್ಬಿಯಲ್ಲಿ, ಆದಷ್ಟು ಮನೆಯ ಹೊರಗೆ. ಆಸಿಡ್ ಪ್ರಮಾಣ ಶೇ 1 ಅಥವಾ ಅದಕ್ಕೂ ಕಡಿಮೆ ಇರಲಿ. ಜಾಸ್ತಿಯಾದರೆ ಇರುವೆ ದಾರಿಯಲ್ಲೇ ಸಾಯುತ್ತದೆ. ಕಡಿಮೆಯಿದ್ದರೆ ಗೂಡಿಗೆ ಒಯ್ದು ರಾಣಿಗೂ ಮರಿಗೂ ಉಣಿಸುತ್ತದೆ.

ಊರಿಂದ ತಂದ ಇರುವೆ ಚಾಕ್ ಮಾತ್ರ ಬೇಡ. ಅಮೆರಿಕದಲ್ಲಿ ಅದರ ಮಾರಾಟ ಕಾನೂನುಬಾಹಿರ. ಅದರ ಪುಡಿ ಹಕ್ಕಿಯ ಕಾಲಿಗೆ, ಕೊಕ್ಕಿಗೆ ಅಂಟುತ್ತದೆ; ಮಕ್ಕಳಿಗೆ ಅದು ಬರೆಯುವ ಚಾಕ್‌ನಂತೆಯೇ ಕಾಣುತ್ತದೆ. ನುಸಿಗುಳಿಗೆಯೂ ಬೇಡ. ಹಕ್ಕಿ ಕಾಳಿನ ಚೀಲದಿಂದ ಸಣ್ಣ ಪತಂಗ ಹಾರಿದರೆ ಚೀಲವನ್ನು ನಾಲ್ಕು ದಿನ ಫ್ರೀಜರಿನಲ್ಲಿಡಿ. ಹುಳುವೂ ಮೊಟ್ಟೆಯೂ ಸಾಯುತ್ತವೆ, ಕಾಳಿಗೆ ಏನೂ ಆಗುವುದಿಲ್ಲ.

ಇಲಿ ಪಾಷಾಣದ ವಿಷಯಕ್ಕೆ ಸ್ಯಾನ್ ಫ್ರಾನ್ಸಿಸ್ಕೋದಲ್ಲೇ ಒಂದು ನೋವಿನ ಉದಾಹರಣೆ ಇದೆ. ಟೆಲಿಗ್ರಾಫ್ ಹಿಲ್‌ನ ಕೆಂಪು ತಲೆಯ ಹಸಿರು ಗಿಳಿಗಳನ್ನು ನೀವು ನೋಡಿರಬಹುದು. ಈಕ್ವೆಡಾರ್, ಪೆರು ಕಡೆಯಿಂದ ಪಂಜರದಲ್ಲಿ ಬಂದ ಗಿಳಿಗಳ ಸಂತತಿ ಅವು. 2023ರಲ್ಲಿ ನಗರದ ಅಧಿಕೃತ ಪ್ರಾಣಿಯೂ ಆದವು. ಆ ಗುಂಪಿನ ಕೆಲವು ಗಿಳಿಗಳು ವರ್ಷಗಳಿಂದ ತೂರಾಡುತ್ತಾ, ಸುತ್ತುತ್ತಾ, ಫಿಟ್ಸ್ ಬಂದು ಬೀಳುತ್ತಿದ್ದವು. 2019ರಲ್ಲಿ ಪ್ಲಾಸ್ ಒನ್ ಪತ್ರಿಕೆಯಲ್ಲಿ ಬಂದ ಅಧ್ಯಯನ, ಕಾಯಿಲೆ ಬಿದ್ದ ಗಿಳಿಗಳಲ್ಲಿ ಬ್ರೊಮೆಥಲಿನ್ ಎಂಬ ಇಲಿ ಪಾಷಾಣವನ್ನು ಗುರುತಿಸಿತು. ಇದು ಜೀವಕೋಶಗಳ ಶಕ್ತಿ ಉತ್ಪಾದನೆಯನ್ನೇ ಕೆಡಿಸುತ್ತದೆ, ಮಿದುಳು ಊದಿಕೊಳ್ಳುತ್ತದೆ. ರಕ್ತ ಹೆಪ್ಪುಗಟ್ಟದಂತೆ ಮಾಡುವ ಪಾಷಾಣಕ್ಕಾದರೆ ವಿಟಮಿನ್ ಕೆ ಕೊಡಬಹುದು, ಇದಕ್ಕೆ ಪ್ರತಿವಿಷವಿಲ್ಲ. ಹಾಗಾಗಿ ಹಕ್ಕಿ ಇರುವ ಮನೆಗೆ ಪಾಷಾಣವನ್ನೇ ತರಬೇಡಿ. ಹಕ್ಕಿಗೆ ಎಟುಕದಂತೆ ಪೆಟ್ಟಿಗೆಯೊಳಗೆ ಸ್ಪ್ರಿಂಗ್ ಬೋನು ಇಟ್ಟರೆ ಸಾಕು. ಅಂಟು ಹಲಗೆಯೂ ಬೇಡ, ಹಾರಾಡುವ ಹಕ್ಕಿಯೇ ಅಂಟಿಕೊಂಡೀತು.

ಇನ್ನು ಗುರುವಾರದ ವಿಷಯ. ಪರವಾನಗಿ ಇರುವ ಕೀಟ ನಿಯಂತ್ರಣದವರು ಬಳಸುವ ಕೀಟನಾಶಕದ ಹೆಸರನ್ನು ಬಾಡಿಗೆದಾರರಿಗೆ ಮೊದಲೇ ಬರೆದುಕೊಡಬೇಕು ಅನ್ನುತ್ತದೆ ಕ್ಯಾಲಿಫೋರ್ನಿಯಾದ ಕಾನೂನು. ಆ ಚೀಟಿ ಕೇಳಿ ಪಡೆಯಿರಿ. ಮನೆಯಲ್ಲಿ ಹಕ್ಕಿ ಇದೆ, ಸ್ಪ್ರೇ ಬದಲು ಆಮಿಷ ಇಡಬಹುದಾ ಅಂತ ಕೇಳಿ. ಎಷ್ಟೋ ಸಲ ಒಪ್ಪುತ್ತಾರೆ. ಹೊಡೆಯಲೇಬೇಕಾದರೆ ಹಕ್ಕಿ, ಪಂಜರ, ಕಾಳು, ನೀರಿನ ಬಟ್ಟಲು ಎಲ್ಲವನ್ನೂ ಸ್ನೇಹಿತರ ಮನೆಗೆ ಸಾಗಿಸಿ. ಔಷಧಿ ಪೂರ್ತಿ ಒಣಗಿ, ಕಿಟಕಿ ತೆರೆದು ಚೆನ್ನಾಗಿ ಗಾಳಿಯಾಡಿ, ವಾಸನೆ ಹೋದ ಮೇಲೆ ಕರೆತನ್ನಿ. ಒಂದು ರಾತ್ರಿ ಅಲ್ಲೇ ಇದ್ದರೆ ಇನ್ನೂ ಒಳ್ಳೆಯದು.

ಹಕ್ಕಿಗಳು ಕಾಯಿಲೆಯನ್ನು ಕೊನೇವರೆಗೂ ಮುಚ್ಚಿಡುತ್ತವೆ. ಬಾಯಿ ತೆರೆದು ಉಸಿರಾಡುತ್ತಿದ್ದರೆ, ಉಸಿರಿನ ಜೊತೆ ಬಾಲ ಮೇಲೆ ಕೆಳಗೆ ಆಡುತ್ತಿದ್ದರೆ, ಪಂಜರದ ತಳದಲ್ಲಿ ಮುದುಡಿ ಕೂತಿದ್ದರೆ ನಾಳೆ ನೋಡೋಣ ಅನ್ನಬೇಡಿ. ತಾಜಾ ಗಾಳಿಗೆ ಒಯ್ದು, ಔಷಧಿಯ ಹೆಸರಿರುವ ಆ ಚೀಟಿ ಹಿಡಿದುಕೊಂಡೇ ಹಕ್ಕಿ ವೈದ್ಯರ ಹತ್ತಿರ ಓಡಿ.

ಗುರುವಾರ ಏನಾಯಿತು ಅಂತ ಬರೆಯಿರಿ, ಕಾಯುತ್ತಿರುತ್ತೇವೆ.