ಅರವತ್ತು ಕೋಟಿಯೊಳಗಿನ ಒಂದು ಕ್ಷಣ

1967ರ ಡಿಸೆಂಬರ್ 11, ಬೆಳಗಿನ ಜಾವ 4 ಗಂಟೆ 21 ನಿಮಿಷ. ಮಹಾರಾಷ್ಟ್ರದ ಕೊಯ್ನಾನಗರ ನಿದ್ದೆಯಲ್ಲಿದ್ದಾಗ ನೆಲ ಅದುರಿತು. ಸುಮಾರು 180 ಜನ ಸತ್ತರು. 103 ಮೀಟರ್ ಎತ್ತರದ ಅಣೆಕಟ್ಟು ಬೀಳಲಿಲ್ಲ, ಆದರೆ ಬುಡದಿಂದ ಸುಮಾರು 66 ಮೀಟರ್ ಮೇಲೆ, ಹಿಂಬದಿಯ ಇಳಿಜಾರು ತಟ್ಟನೆ ನೆಟ್ಟಗಾಗುವ ಜಾಗದಲ್ಲಿ, ಅದರ ಮೈ ಅಡ್ಡಕ್ಕೆ ಬಿರುಕು ಬಿಟ್ಟಿತು. ಅಣೆಕಟ್ಟಿನೊಳಗೆ ಇಟ್ಟಿದ್ದ ಯಂತ್ರವೊಂದು ಆ ನಡುಕವನ್ನು ಬರೆದುಕೊಂಡಿತ್ತು. ಹೊಳೆ ಹರಿಯುವ ದಿಕ್ಕಿನಲ್ಲಿ ನೆಲದ ವೇಗೋತ್ಕರ್ಷ ಗುರುತ್ವದ 0.49ರಷ್ಟು ಮುಟ್ಟಿತ್ತು.

ಕೃಷ್ಣಾ ತೀರದ ನಮ್ಮ ಚಿಕ್ಕೋಡಿ, ಅಥಣಿ ಕಡೆಯವರಿಗೆ ಕೊಯ್ನಾ ಎಂದರೆ ಮಳೆಗಾಲದಲ್ಲಿ ಎಷ್ಟು ನೀರು ಬಿಟ್ಟರು ಎಂಬ ಆತಂಕ. ಕಂಪ್ಯೂಟರಿನಲ್ಲಿ ಕಟ್ಟಡಗಳನ್ನು ಅಲುಗಾಡಿಸಿ ನೋಡುವ ಎಂಜಿನಿಯರುಗಳಿಗೆ ಅದು ಪಾಠದ ಮೊದಲ ಲೆಕ್ಕಗಳಲ್ಲೊಂದು. ಅಬಾಕಸ್ ತಂತ್ರಾಂಶದ ಕೈಪಿಡಿಯಲ್ಲೇ ಕೊಯ್ನಾ ಒಂದು ಮಾದರಿ ಲೆಕ್ಕವಾಗಿ ಕೂತಿದೆ. ಯಂತ್ರ ಬರೆದುಕೊಂಡ 10 ಸೆಕೆಂಡುಗಳ ನಡುಕವನ್ನು ಪರದೆಯ ಮೇಲಿನ ಅಣೆಕಟ್ಟಿಗೆ ಮತ್ತೆ ಕೊಡುತ್ತಾರೆ. ಆಮೇಲೆ ಕೇಳುವ ಪ್ರಶ್ನೆ ಒಂದೇ: ಅತಿ ಹೆಚ್ಚಿನ ಸ್ಟ್ರೆಸ್ (ಕಾಂಕ್ರೀಟಿನೊಳಗಿನ ಎಳೆತ, ಅದುಮುವಿಕೆಗಳ ಅಳತೆ) ಎಲ್ಲಿ ಬಂತು, ಯಾವಾಗ ಬಂತು?

ಕೇಳಲು ಸುಲಭ. ಉತ್ತರ ಅಡಗಿರುವ ಕಣಜದ ಗಾತ್ರ ನೋಡಿ. ಅಣೆಕಟ್ಟನ್ನು 1 ಲಕ್ಷ ಬಿಂದುಗಳ ಬಲೆಯಾಗಿ ಹೆಣೆದಿದ್ದೇವೆ ಎಂದುಕೊಳ್ಳೋಣ. ಇಂದಿನ ಲೆಕ್ಕಗಳಿಗೆ ಇದೇನೂ ದೊಡ್ಡದಲ್ಲ. ಪ್ರತಿ ಬಿಂದುವಿನಲ್ಲಿ ಸ್ಟ್ರೆಸ್‌ಗೆ 6 ಘಟಕಗಳು. ಸೆಕೆಂಡಿನ ನೂರನೇ ಒಂದು ಭಾಗಕ್ಕೊಮ್ಮೆ ಫಲಿತಾಂಶ ಉಳಿಸಿದರೆ 10 ಸೆಕೆಂಡಿಗೆ 1,000 ಟೈಮ್ ಸ್ಟೆಪ್. ಗುಣಿಸಿದರೆ 60 ಕೋಟಿ ಸಂಖ್ಯೆಗಳು. ಸೆಕೆಂಡಿಗೆ ಒಂದರಂತೆ ಊಟ ನಿದ್ದೆ ಬಿಟ್ಟು ಓದುತ್ತಾ ಕೂತರೂ 19 ವರ್ಷ ಬೇಕು. ಹಾಳೆಗೆ 500ರಂತೆ ಅಚ್ಚು ಹಾಕಿಸಿದರೆ 12 ಲಕ್ಷ ಹಾಳೆ. 500 ಹಾಳೆಯ ಒಂದು ಕಟ್ಟು ಸುಮಾರು 5 ಸೆಂಟಿಮೀಟರ್ ದಪ್ಪ; ಒಂದರ ಮೇಲೊಂದು ಪೇರಿಸಿದರೆ 120 ಮೀಟರ್. 10 ಸೆಕೆಂಡಿನ ನಡುಕದ ಲೆಕ್ಕ, ನಡುಗಿದ ಅಣೆಕಟ್ಟಿಗಿಂತ 17 ಮೀಟರ್ ಎತ್ತರ!

ಲೆಕ್ಕ ಮುಗಿದ ಕೂಡಲೇ ತಂತ್ರಾಂಶ ಸಾಮಾನ್ಯವಾಗಿ ತೋರಿಸುವುದು ಕೊನೆಯ ಟೈಮ್ ಸ್ಟೆಪ್ಪಿನ ಚಿತ್ರವನ್ನು. ಹೊಸಬರು ಎಡವುವುದು ಇಲ್ಲೇ. ಹತ್ತನೇ ಸೆಕೆಂಡಿನ ಹೊತ್ತಿಗೆ ನಡುಕ ತಣ್ಣಗಾಗಿರುತ್ತದೆ. ಗಂಡಾಂತರ ಬಂದು ಹೋಗಿ ಎಷ್ಟೋ ಹೊತ್ತಾಗಿರುತ್ತದೆ.

ಶಿಖರವನ್ನು ಹುಡುಕುವ ವಿಧಾನ ಮಾತ್ರ ಎಷ್ಟು ಸರಳವೆಂದರೆ, ಪ್ರತಿ ಸಲ ನೆನೆದಾಗಲೂ ನನಗೆ ರೋಮಾಂಚನವಾಗುತ್ತದೆ. ಸಂತೆಯಲ್ಲಿ ದೊಡ್ಡ ಮಾವಿನಹಣ್ಣು ಆರಿಸುವವರು ಬುಟ್ಟಿಯನ್ನೆಲ್ಲ ಮನೆಗೆ ತರುವುದಿಲ್ಲ. ಒಂದನ್ನು ಕೈಯಲ್ಲಿ ಹಿಡಿದು, ಅದಕ್ಕಿಂತ ದೊಡ್ಡದು ಕಂಡಾಗ ಇದನ್ನಿಟ್ಟು ಅದನ್ನೆತ್ತಿಕೊಳ್ಳುತ್ತಾರೆ. ತಂತ್ರಾಂಶವೂ ಹಾಗೆಯೇ. ಪ್ರತಿ ಬಿಂದುವಿಗೂ ಎರಡೇ ಸಂಖ್ಯೆ ನೆನಪಿಟ್ಟುಕೊಳ್ಳುತ್ತದೆ: ಈವರೆಗಿನ ಅತಿ ದೊಡ್ಡ ಬೆಲೆ, ಅದು ಬಂದ ಸಮಯ. 60 ಕೋಟಿ ಇದ್ದದ್ದು 2 ಲಕ್ಷಕ್ಕೆ ಇಳಿಯಿತು. 120 ಮೀಟರ್ ಕಾಗದದ ರಾಶಿ 400 ಹಾಳೆಯಾಯಿತು, 4 ಸೆಂಟಿಮೀಟರ್.

ಹೀಗೆ ಸಿಕ್ಕಿದ ಚಿತ್ರಕ್ಕೆ ಎನ್ವಲಪ್ ಎನ್ನುತ್ತಾರೆ. ಅದರಲ್ಲಿ ಒಂದು ವಿಚಿತ್ರವಿದೆ. ಒಂದು ಬಿಂದು ತನ್ನ ಶಿಖರ ಮುಟ್ಟಿದ್ದು ಮೂರನೇ ಸೆಕೆಂಡಿನಲ್ಲಿ, ಪಕ್ಕದ್ದು ಐದನೆಯದರಲ್ಲಿ ಎಂದಿಟ್ಟುಕೊಳ್ಳಿ. ಎರಡೂ ಒಂದೇ ಚಿತ್ರದಲ್ಲಿ ಕೆಂಪಗೆ ಹೊಳೆಯುತ್ತಿರುತ್ತವೆ. ಆ ಚಿತ್ರದಲ್ಲಿರುವ ಅಣೆಕಟ್ಟು ಯಾವ ಕ್ಷಣದಲ್ಲೂ ಇರಲಿಲ್ಲ. ಆದ್ದರಿಂದಲೇ 6 ಘಟಕಗಳ ಶಿಖರಗಳನ್ನು ಬೇರೆ ಬೇರೆ ಹೆಕ್ಕಿ ಕೊನೆಗೆ ಕೂಡಿಸಬಾರದು. ಪ್ರತಿ ಸ್ಟೆಪ್ಪಿನಲ್ಲೂ ಆರನ್ನೂ ಸೇರಿಸಿ ಒಂದು ಬೆಲೆ ಮಾಡಿ, ಆಮೇಲೆ ಶಿಖರ ಹುಡುಕಬೇಕು. ಕ್ರಮ ತಿರುಗುಮುರುಗಾದರೆ ಎಂದೂ ನಡೆಯದ ಸ್ಟ್ರೆಸ್ಸೊಂದು ವರದಿಯಲ್ಲಿ ಕೂರುತ್ತದೆ.

ಎಳೆತ, ಅದುಮುವಿಕೆಗಳನ್ನೂ ಬೇರೆಬೇರೆಯಾಗಿಯೇ ಹುಡುಕಬೇಕು. ಕಾಂಕ್ರೀಟು ಎಳೆತ ತಾಳುವುದು ಅದುಮುವಿಕೆಯ ಸುಮಾರು ಹತ್ತನೇ ಒಂದರಷ್ಟು. ಚಿಹ್ನೆ ನೋಡದೆ ಬರೀ ದೊಡ್ಡ ಸಂಖ್ಯೆ ಕೇಳಿದರೆ, ಏನೂ ಮಾಡದ 8 ಮೆಗಾಪಾಸ್ಕಲ್ ಅದುಮುವಿಕೆಯ ಹಿಂದೆ ಬಿರುಕು ಬಿಡಿಸುವ 3 ಮೆಗಾಪಾಸ್ಕಲ್ ಎಳೆತ ಮರೆಯಾಗಿಬಿಡುತ್ತದೆ.

ಇನ್ನು ಉಳಿಸದೇ ಹೋದ ಕ್ಷಣಗಳ ವಿಚಾರ. ಕೊಯ್ನಾ ಅಣೆಕಟ್ಟಿನ ಸಹಜ ಓಲಾಟ ಸೆಕೆಂಡಿಗೆ ಸುಮಾರು 3 ಸಲ. ಫಲಿತಾಂಶವನ್ನು ಸೆಕೆಂಡಿಗೆ 10 ಸಲ ಮಾತ್ರ ಉಳಿಸಿದರೆ, ಶಿಖರ ಎರಡು ಚಿತ್ರಗಳ ನಟ್ಟನಡುವೆ ಬಂದು ಹೋಗಬಹುದು. ಆಗ ನಮಗೆ ಸಿಗುವ ಬೆಲೆ ನಿಜಕ್ಕಿಂತ ಶೇಕಡಾ 41ರವರೆಗೆ ಕಡಿಮೆ. ಸೆಕೆಂಡಿಗೆ 100 ಸಲ ಉಳಿಸಿದರೆ ಅದೇ ತಪ್ಪು ಶೇಕಡಾ ಅರ್ಧಕ್ಕೂ ಕೆಳಗೆ ಇಳಿಯುತ್ತದೆ. ಸೆಕೆಂಡಿಗೆ ಸುಮಾರು 8 ಸಲದ ಎರಡನೇ ಬಗೆಯ ಓಲಾಟವೂ ಆ ಕಟ್ಟಡಕ್ಕಿದೆ. ಸೆಕೆಂಡಿಗೆ 10 ಚಿತ್ರಗಳಲ್ಲಿ ಅದು 2 ಸಲದ ಮಂದ ತೂಗಾಟದಂತೆ ಕಾಣುತ್ತದೆ. ಬರೀ ಕಳೆದುಹೋಗುವುದಲ್ಲ, ವೇಷ ಬದಲಿಸಿಕೊಂಡು ಎದುರಿಗೆ ನಿಲ್ಲುತ್ತದೆ.

ಕಾರಿನ ಅಪಘಾತದ ಲೆಕ್ಕಕ್ಕೆ ಬಂದರೆ ಕೊಯ್ನಾದ 60 ಕೋಟಿಯೇ ಚಿಕ್ಕದು. ಉಕ್ಕಿನಲ್ಲಿ ಶಬ್ದ ಸೆಕೆಂಡಿಗೆ ಸುಮಾರು 5 ಕಿಲೋಮೀಟರ್ ಓಡುತ್ತದೆ. ಬಲೆಯ 5 ಮಿಲಿಮೀಟರಿನ ಒಂದು ತುಂಡನ್ನು, ಅಂದರೆ ಎಲಿಮೆಂಟನ್ನು, ದಾಟಲು ಅದಕ್ಕೆ ಸೆಕೆಂಡಿನ ಹತ್ತು ಲಕ್ಷದ ಒಂದು ಭಾಗ ಸಾಕು. ಲೆಕ್ಕದ ಹೆಜ್ಜೆ ಅದಕ್ಕಿಂತ ದೊಡ್ಡದಾಗುವಂತಿಲ್ಲ. ಡಿಕ್ಕಿಯ 120 ಮಿಲಿಸೆಕೆಂಡಿಗೆ 1.2 ಲಕ್ಷ ಹೆಜ್ಜೆ. 10 ಲಕ್ಷ ಎಲಿಮೆಂಟುಗಳಿದ್ದರೆ ಒಂದೇ ಪರಿಮಾಣಕ್ಕೆ 12,000 ಕೋಟಿ ಸಂಖ್ಯೆಗಳು! ಮಿಲಿಸೆಕೆಂಡಿಗೊಂದು ಚಿತ್ರ ಉಳಿಸಿದರೆ ಪ್ರತಿ ಎರಡು ಚಿತ್ರಗಳ ನಡುವೆ 999 ಸ್ಥಿತಿಗಳು ಹುಟ್ಟಿ ಅಳಿದಿರುತ್ತವೆ. ಶಿಖರವನ್ನು ಹಿಡಿದಿಟ್ಟುಕೋ ಎಂದು ಲೆಕ್ಕ ಶುರುವಾಗುವ ಮೊದಲೇ ಹೇಳಿರಬೇಕು. ಮರೆತರೆ ಇಡೀ ಲೆಕ್ಕವನ್ನು ಮತ್ತೆ ಓಡಿಸದೆ ಬೇರೆ ದಾರಿಯಿಲ್ಲ.

ಕೊಯ್ನಾದ 400 ಹಾಳೆಗಳಿಗೆ ಮರಳೋಣ. ಬೆಲೆಯ ಇಳಿಕ್ರಮದಲ್ಲಿ ಜೋಡಿಸಿದರೆ ಎಳೆತದ ಅತಿ ದೊಡ್ಡ ಬೆಲೆಗಳು ಎರಡು ಕಡೆ ಗುಂಪುಗೂಡುತ್ತವೆ. ಒಂದು, ನೀರಿನ ಬದಿಯ ಬುಡದ ಮೂಲೆ. ಇಂಥ ಚೂಪು ಮೂಲೆಗಳಲ್ಲಿ ಬಲೆಯನ್ನು ಸಣ್ಣದಾಗಿಸಿದಷ್ಟೂ ಸಂಖ್ಯೆ ಏರುತ್ತಲೇ ಹೋಗುತ್ತದೆ. ಅದನ್ನು ಎಚ್ಚರದಿಂದ ನಂಬಬೇಕು. ಇನ್ನೊಂದು, ಹಿಂಬದಿಯಲ್ಲಿ ಇಳಿಜಾರು ಬದಲಾಗುವ ಜಾಗ, 66.5 ಮೀಟರಿನ ಆಸುಪಾಸು. ಅಲ್ಲೂ ಮೂಲೆಯೇ ಇದೆ, ಅದೇ ಅನುಮಾನ ಅದಕ್ಕೂ ಸಲ್ಲುತ್ತದೆ. ಆದರೆ ನಿಜವಾದ ಗೋಡೆ ಬಿರುಕು ಬಿಟ್ಟದ್ದು ಅದೇ ಮಟ್ಟದಲ್ಲಿ. ಭೂಕಂಪವಾದ ಮೇಲೆ ಹಿಂಬದಿಯಿಂದ ಕಾಂಕ್ರೀಟಿನ ಆಸರೆ ಕೊಟ್ಟು ಆ ಭಾಗಗಳನ್ನು ಗಟ್ಟಿಗೊಳಿಸಿದರು.